ನಾಯಿ ದೇವಾಲಯ, ಅಗ್ರಹಾರ ವಳಗೆರೆಹಳ್ಳಿ

ರಾಮನಗರ ಸೀಮೆಯ ಚನ್ನಪಟ್ಟಣ ತಾಲ್ಲೂಕಿನಲ್ಲಿರುವ ಚಿಕ್ಕ ಗುಡಿ. ಒಳಗಿರುವುದು ಎರಡು ನಾಯಿಗಳ ವಿಗ್ರಹ. ಕಟ್ಟಿದ್ದು 2010ರಲ್ಲಿ. ಗ್ರಾಮದೇವತೆ ವೀರಮಾಸ್ತಿ ಕೆಂಪಮ್ಮನ ಗುಡಿಯನ್ನು ಕಟ್ಟಿಸಿದ ಉದ್ಯಮಿಯೊಬ್ಬರೇ ಇದನ್ನೂ ಕಟ್ಟಿಸಿದರು. ಊರಿನಿಂದ ಎರಡು ನಾಯಿಗಳು ಕಾಣೆಯಾದವೆಂದೂ, ದೇವಿ ಕನಸಿನಲ್ಲಿ ಬಂದು ತನ್ನ ಕಾವಲಿಗೆ ಅವುಗಳ ಗುಡಿಯಾಗಲಿ ಎಂದಳೆಂದೂ ಸ್ಥಳೀಯರು ಹೇಳುತ್ತಾರೆ. ನಾಯಿದೇವರು ಕೇಡನ್ನು ತಡೆಯುತ್ತದೆ ಎಂಬ ನಂಬಿಕೆಯಿದೆ.

ಪತ್ರಿಕೆಗಳು ಇದನ್ನು ಸಾಮಾನ್ಯವಾಗಿ ವಿಚಿತ್ರ ಸುದ್ದಿಯಾಗಿ ಬರೆದಿವೆ. ಈ ಸೀಮೆಯ ಶಾಸನಗಳನ್ನು ಬಲ್ಲವರಿಗೆ ಅದು ಅಷ್ಟೇನೂ ವಿಚಿತ್ರವಾಗಿ ಕಾಣದು. ಚನ್ನಪಟ್ಟಣಕ್ಕೆ ತಾಗಿದ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ನಾಯಿಯೊಂದಕ್ಕೆ ನಿಲ್ಲಿಸಿದ ಕಲ್ಲು ದೊರೆತಿದೆ. ಅದರ ಕಾಲ ಶಕ 872, ಅಂದರೆ ಕ್ರಿ.ಶ. 949-50. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಇಮ್ಮಡಿ ಬೂತುಗನು ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಸಂಗತಿ ಇದರಲ್ಲಿರುವುದರಿಂದ ರಾಜಕೀಯ ಇತಿಹಾಸಕಾರರಿಗೆ ಇದು ಬಹು ಮುಖ್ಯವಾದ ಆಕರ. ಆದರೆ ಕಲ್ಲನ್ನು ನೆಡಿಸಿದವನ ಗಮನವಿದ್ದದ್ದು ಬೇರೆ ಕಡೆ. ಬೂತುಗನ ಸೇವಕ ಮಣಲೇರ ಆ ಯುದ್ಧದಲ್ಲಿ ಮೆರೆದ. ಮೆಚ್ಚಿದ ಒಡೆಯ ಬೇಡಿದ್ದನ್ನು ಕೊಡುತ್ತೇನೆಂದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಕೆಳಲೆ ನಾಡಿನ ಬೆಳತೂರಿನ ಬಳಿ ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದಿತು. ಕಾದಾಟದಲ್ಲಿ ಎರಡೂ ಸತ್ತವು. ಮಣಲೇರ ಆತಕೂರಿನ ಚಲ್ಲೇಶ್ವರ ಗುಡಿಯ ಎದುರು ಕಲ್ಲು ನಿಲ್ಲಿಸಿ, ಅದಕ್ಕೆ ಭೂಮಿಯನ್ನೂ ಬಿಟ್ಟ. ಆ ಕಲ್ಲಿಗೆ ಪೂಜೆ ಸಲ್ಲಿಸದೆ ಉಣ್ಣುವ ಗೊರವನಿಗೆ (ಶೈವ ಪೂಜಾರಿಗೆ) ನಾಯಿಯ ಪಾಪ ತಟ್ಟಲಿ ಎಂಬ ಶಾಪವೂ ಶಾಸನದಲ್ಲಿದೆ. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಸೆಣಸುವ ಶಿಲ್ಪವಿದೆ. ದತ್ತಿ, ನಿತ್ಯಪೂಜೆ, ಶಾಪ ಮೂರೂ ಇರುವುದರಿಂದ ಇದನ್ನು ಬರಿಯ ಸ್ಮಾರಕ ಎನ್ನಲಾಗದು; ಆರಾಧನೆಯ ವ್ಯವಸ್ಥೆಯೇ ಇಲ್ಲಿತ್ತು. ಹಾಗೆಂದು ಆತಕೂರಿನಿಂದ ವಳಗೆರೆಹಳ್ಳಿಯವರೆಗೆ ಮುರಿಯದ ಪರಂಪರೆಯೊಂದಿದೆ ಎಂದು ವಾದಿಸಲು ಆಧಾರ ಸಾಲದು.

ಸಂಬಂಧ ಹುಡುಕುವುದಾದರೆ ಜೀವಂತ ಶೈವ ಆರಾಧನೆಗಳಲ್ಲಿ ಹುಡುಕುವುದು ಲೇಸು. ಭೈರವನ ವಾಹನ ನಾಯಿ. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯ ಕಾಲಭೈರವನಿಗೆ ಈ ಭಾಗದಲ್ಲಿ ಒಕ್ಕಲು ಹೆಚ್ಚು. ಮೈಲಾರಲಿಂಗನ ಗೊರವರು ನಾಯಿಯಂತೆ ಬೊಗಳುತ್ತ ದೋಣಿ ಎಂಬ ಪಾತ್ರೆಯಲ್ಲಿಟ್ಟ ಎಡೆಯನ್ನು ತಿನ್ನುವ ಸೇವೆ ಇಂದಿಗೂ ಇದೆ. ಬೆಂಗಳೂರು ಕಟ್ಟಿದ ಕೆಂಪೇಗೌಡನ ಬೇಟೆನಾಯಿಯನ್ನು ಮೊಲ ಅಟ್ಟಿಸಿಕೊಂಡು ಹೋಯಿತೆಂಬ ಕಥೆಯನ್ನು ಮಾತ್ರ ಇವುಗಳ ಸಾಲಿಗೆ ಸೇರಿಸಬಾರದು. ಅದು ವಿಜಯನಗರದ ಸ್ಥಾಪನೆಗೂ ಅಂಟಿಕೊಂಡಿರುವ ಸಿದ್ಧಕಥೆ, ಮೇಲಾಗಿ ಅದರಲ್ಲಿ ಗೆಲ್ಲುವುದು ಮೊಲ.

ತಳಿಯ ಪ್ರಶ್ನೆ ಇಲ್ಲಿ ಅಪ್ರಸ್ತುತ. ಕಾಳಿ ಯಾವ ತಳಿಯದೆಂದು ಶಾಸನ ತಿಳಿಸುವುದಿಲ್ಲ. ಕರ್ನಾಟಕದ ಹೆಸರಾಂತ ತಳಿ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ. 2005ರಲ್ಲಿ ಅಂಚೆ ಇಲಾಖೆ ಅದರ ಚೀಟಿಯನ್ನು ಹೊರತಂದಿತು.

ವಳಗೆರೆಹಳ್ಳಿಗೆ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿರುವ ಚನ್ನಪಟ್ಟಣದಿಂದ ಹೋಗಬೇಕು. ಆತಕೂರಿನ ಕಲ್ಲು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.