ಕೋಹಾ: ಮುಯ್ಯಿಯಾಗಿ ಕೊಟ್ಟ ಸಾಫ್ಟ್‌ವೇರ್‌ನ ಕಥೆ

ಮದುವೆ ಮನೆಯಲ್ಲಿ ಮುಯ್ಯಿ ಬರೆಸುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಇವತ್ತು ನೀವು ಅವರ ಮನೆಗೆ ನೂರೊಂದು ಹಾಕಿದರೆ, ನಾಳೆ ನಿಮ್ಮ ಮನೆಯ ಕಾರ್ಯಕ್ಕೆ ಅವರು ಬಂದು ಹಾಕುತ್ತಾರೆ. ಇದಕ್ಕೆ ಕರಾರು ಪತ್ರ ಇರುವುದಿಲ್ಲ. ಆದರೆ ತೀರಿಸದವರನ್ನು ಊರು ಮರೆಯುವುದಿಲ್ಲ.

ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿ ಜನರಲ್ಲೂ ಇಂಥದ್ದೇ ಒಂದು ಪದ್ಧತಿ ಇದೆ. ಅತಿಥಿಯಾಗಿ ಹೋದವರು ಕೊಡುವ ಕಾಣಿಕೆಗೆ ಅವರು ‘ಕೋಹಾ’ ಎನ್ನುತ್ತಾರೆ. ಕೊಟ್ಟದ್ದು ಒಂದಲ್ಲ ಒಂದು ದಿನ ಯಾವುದೋ ರೂಪದಲ್ಲಿ ಮರಳಿ ಬರಬೇಕು ಎಂಬ ನಂಬಿಕೆ ಆ ಪದದಲ್ಲೇ ಇದೆ. ಜಗತ್ತಿನ ಸಾವಿರಾರು ಗ್ರಂಥಾಲಯಗಳು ಇಂದು ಬಳಸುವ ಒಂದು ಸಾಫ್ಟ್‌ವೇರ್‌ಗೂ ಅದೇ ಹೆಸರು. ನಿಮ್ಮ ಮಗನೋ ಮಗಳೋ ಓದುವ ಕಾಲೇಜಿನ ಗ್ರಂಥಾಲಯದಲ್ಲೂ ಅದು ಇರಬಹುದು. ನಮ್ಮ ರಾಜ್ಯದ ಎಷ್ಟೋ ಕಾಲೇಜುಗಳು ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಲೆಕ್ಕವನ್ನು ಕೋಹಾದಲ್ಲೇ ಇಡುತ್ತಿವೆ.

ಕಥೆ ಶುರುವಾದದ್ದು 1999ರಲ್ಲಿ. ನ್ಯೂಜಿಲೆಂಡಿನ ರಾಜಧಾನಿ ವೆಲಿಂಗ್ಟನ್‌ನಿಂದ ಉತ್ತರಕ್ಕೆ ಲೆವಿನ್ ಎಂಬ ಸಣ್ಣ ಪಟ್ಟಣವಿದೆ. ಅಲ್ಲಿನ ಗ್ರಂಥಾಲಯಗಳನ್ನು ನಡೆಸುತ್ತಿದ್ದದ್ದು ಹೊರೊಫೆನುವಾ ಲೈಬ್ರರಿ ಟ್ರಸ್ಟ್. ಅವರ ಹಳೆಯ ಕಂಪ್ಯೂಟರ್ ವ್ಯವಸ್ಥೆ 2000ನೇ ಇಸವಿಗೆ ಕಾಲಿಡುವ ಸ್ಥಿತಿಯಲ್ಲಿ ಇರಲಿಲ್ಲ. ಹಿಂದಿನ ಅನೇಕ ಕಂಪ್ಯೂಟರ್‌ಗಳು ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದಿಡುತ್ತಿದ್ದವು. 99 ಮುಗಿದು 00 ಬಂದರೆ ಅದು 2000ವೋ 1900ವೋ ಎಂದು ಯಂತ್ರಕ್ಕೆ ತಿಳಿಯುವುದಿಲ್ಲ. ಪುಸ್ತಕ ಹಿಂದಿರುಗಿಸುವ ದಿನಾಂಕದ ಮೇಲೆಯೇ ಬದುಕುವ ಗ್ರಂಥಾಲಯಕ್ಕೆ ಇದು ದೊಡ್ಡ ತಲೆನೋವು.

ಹೊಸದು ಕೊಳ್ಳೋಣವೆಂದರೆ ಮಾರುಕಟ್ಟೆಯಲ್ಲಿದ್ದವು ದುಬಾರಿ. ಆಗ ಟ್ರಸ್ಟ್ ‘ಕಟಿಪೊ’ ಎಂಬ ಸಣ್ಣ ಕಂಪನಿಯ ಹುಡುಗರನ್ನು ಕರೆಸಿ, ನಮಗೆ ಬೇಕಾದ ಹಾಗೆ ನೀವೇ ಬರೆದುಕೊಡಿ ಎಂದಿತು. ಗ್ರಂಥಾಲಯದ ಮುಖ್ಯಸ್ಥೆ ರೊಸಾಲಿ ಬ್ಲೇಕ್. ಸಾಫ್ಟ್‌ವೇರ್ ಬರೆದವರಲ್ಲಿ ಪ್ರಮುಖ ಕ್ರಿಸ್ ಕಾರ್ಮ್ಯಾಕ್. 2000ದ ಜನವರಿ ಮೊದಲ ವಾರದಲ್ಲೇ ಹೊಸ ವ್ಯವಸ್ಥೆ ಕೆಲಸ ಶುರುಮಾಡಿತು.

ಮುಂದಿನ ತೀರ್ಮಾನವೇ ಈ ಕಥೆಯ ತಿರುವು. ಅದನ್ನು ಮಾರಿ ದುಡ್ಡು ಮಾಡುವ ಬದಲು, ಜಿಪಿಎಲ್ ಎಂಬ ಮುಕ್ತ ಪರವಾನಗಿಯಡಿ ಎಲ್ಲರಿಗೂ ಬಿಟ್ಟುಕೊಟ್ಟರು. ಇದರಲ್ಲಿ ಧರ್ಮದ ಜೊತೆ ಲೆಕ್ಕಾಚಾರವೂ ಇತ್ತು. ಒಂದೇ ಸಣ್ಣ ಕಂಪನಿಯನ್ನು ನಂಬಿಕೊಂಡರೆ ಅದು ಮುಚ್ಚಿದ ದಿನ ಗ್ರಂಥಾಲಯ ಅನಾಥ. ಹತ್ತು ಊರಿನವರು ಬಳಸಿದರೆ ಹತ್ತು ಊರಿನವರೂ ರಿಪೇರಿ ಮಾಡುತ್ತಾರೆ.

ಹಾಗೆಯೇ ಆಯಿತು. ಅಮೆರಿಕದ ಒಹಾಯೊ ರಾಜ್ಯದ ನೆಲ್ಸನ್‌ವಿಲ್ ಗ್ರಂಥಾಲಯ ಅದನ್ನು ಬಳಸಿದ್ದಲ್ಲದೆ, ಪುಸ್ತಕಗಳ ವಿವರ ಬರೆಯುವ ಅಂತರರಾಷ್ಟ್ರೀಯ ಪದ್ಧತಿಯಾದ ‘ಮಾರ್ಕ್’ ಅನ್ನು ಅದಕ್ಕೆ ಸೇರಿಸಲು ಹಣವನ್ನೂ ಕೊಟ್ಟಿತು. ಫ್ರಾನ್ಸಿನ ಪಾಲ್ ಪೌಲೇನ್ ಮುಂದಿನ ಆವೃತ್ತಿಯ ಹೊಣೆ ಹೊತ್ತರು. ಮುಯ್ಯಿ ಮರಳಿ ಬರುತ್ತಿತ್ತು.

ಆದರೆ ಊರೊಟ್ಟಿನ ಆಸ್ತಿ ಇದ್ದಲ್ಲಿ ತಂಟೆಯೂ ಇರುತ್ತದೆ. 2007ರಲ್ಲಿ ಲಿಬ್‌ಲೈಮ್ ಎಂಬ ಅಮೆರಿಕದ ಕಂಪನಿ ಕಟಿಪೊದ ಕೋಹಾ ವಿಭಾಗವನ್ನು ಕೊಂಡಿತು. ಕೋಹಾದ ಮುಖ್ಯ ಜಾಲತಾಣವೂ ಅದರ ಕೈಯಲ್ಲಿತ್ತು. 2009ರಲ್ಲಿ ಅದು ತನ್ನ ಗ್ರಾಹಕರಿಗೆಂದೇ ಬೇರೆ ಆವೃತ್ತಿಯನ್ನು ಘೋಷಿಸಿತು. ತಾನು ಮಾಡಿದ ತಿದ್ದುಪಡಿಗಳನ್ನು ಉಳಿದವರಿಗೆ ಮರಳಿಸುತ್ತಿಲ್ಲ ಎಂಬ ದೂರು ಎದ್ದಿತು.

ಕಾನೂನಿನ ಪ್ರಕಾರ ಇದು ತಪ್ಪೇ? ಅದು ಅಷ್ಟು ಸುಲಭದ ಪ್ರಶ್ನೆಯಲ್ಲ. ಸಾಫ್ಟ್‌ವೇರನ್ನು ಇನ್ನೊಬ್ಬರಿಗೆ ಹಂಚಿದರೆ ಮಾತ್ರ ಅದರ ಮೂಲ ಬರಹವನ್ನೂ ಕೊಡಬೇಕು ಎನ್ನುತ್ತದೆ ಜಿಪಿಎಲ್. ನಿಮ್ಮದೇ ಕಂಪ್ಯೂಟರಿನಲ್ಲಿಟ್ಟು, ಗ್ರಾಹಕರಿಗೆ ಇಂಟರ್ನೆಟ್ ಮೂಲಕ ಸೇವೆ ಮಾತ್ರ ಕೊಟ್ಟರೆ ಆ ಕಟ್ಟುಪಾಡು ಇಲ್ಲ. ಕಾಗದದಲ್ಲಿ ಇಲ್ಲದ್ದನ್ನು ಆಗ ನಡತೆಯೇ ಕಾಯಬೇಕು. ಆ ನಡತೆ ತಪ್ಪಿದೆ ಎಂಬುದೇ ಉಳಿದವರ ಸಂಕಟ.

ಅವರು ಕೂಗಾಡುತ್ತಾ ಕೂರಲಿಲ್ಲ. ಹೊಸ ಜಾಲತಾಣ ಕಟ್ಟಿಕೊಂಡರು. ಮೂಲ ಬರಹ ಎಲ್ಲರ ಬಳಿಯೂ ಇದ್ದುದರಿಂದ ಕೆಲಸ ಒಂದು ದಿನವೂ ನಿಲ್ಲಲಿಲ್ಲ. ಸಾಮೂಹಿಕ ಆಸ್ತಿಯನ್ನು ನೋಡಿಕೊಳ್ಳುವ ಹೊಣೆಯನ್ನು ಯಾವ ಕಂಪನಿಗೂ ಕೊಡದೆ, ಲೆವಿನ್‌ನ ಅದೇ ಟ್ರಸ್ಟ್‌ಗೆ ವಹಿಸಿದರು.

2010ರಲ್ಲಿ ಪಿಟಿಎಫ್‌ಎಸ್ ಎಂಬ ಕಂಪನಿ ಲಿಬ್‌ಲೈಮನ್ನು ಕೊಂಡಿತು. 2011ರ ನವೆಂಬರಿನಲ್ಲಿ ಕೋಹಾ ಬಳಗದ ವಾರ್ಷಿಕ ಸಮ್ಮೇಳನ ನಮ್ಮ ದೇಶದಲ್ಲೇ, ಮುಂಬೈ ಪಕ್ಕದ ಠಾಣೆಯಲ್ಲಿ ನಡೆಯಿತು. ಅದೇ ತಿಂಗಳು ಲೆವಿನ್‌ಗೆ ಸುದ್ದಿ ಬಂತು: ನ್ಯೂಜಿಲೆಂಡಿನಲ್ಲಿ ‘ಕೋಹಾ’ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಕೊಳ್ಳುವ ಕಂಪನಿಯ ಅರ್ಜಿಗೆ ಒಪ್ಪಿಗೆ ಸಿಗುವ ಹಂತದಲ್ಲಿದೆ. ಮಾವೊರಿ ಭಾಷೆಯ ಪದ, ಸಣ್ಣ ಊರಿನ ಗ್ರಂಥಾಲಯ ಕೊಟ್ಟ ಹೆಸರು, ಇನ್ನು ದೂರದ ಕಂಪನಿಯ ಸೊತ್ತು! ಹೆಸರನ್ನು ಟ್ರಸ್ಟ್‌ಗೇ ವಹಿಸಲು ಸಿದ್ಧ ಎಂದು ಪಿಟಿಎಫ್‌ಎಸ್ ಹೇಳಿತಾದರೂ ವ್ಯಾಜ್ಯ ಅಲ್ಲಿಗೆ ಮುಗಿಯಲಿಲ್ಲ.

ಟ್ರಸ್ಟ್‌ನ ಬಳಿ ವಕೀಲರಿಗೆ ಕೊಡಲು ಹಣ ಇರಲಿಲ್ಲ. ಸಹಾಯ ಕೇಳಿದಾಗ ಹಲವು ದೇಶಗಳಿಂದ ದೇಣಿಗೆ ಹರಿದು ಬಂತು. ವೆಲಿಂಗ್ಟನ್‌ನ ಕ್ಯಾಟಲಿಸ್ಟ್ ಕಂಪನಿ ಜೊತೆಗೆ ನಿಂತಿತು. ಎರಡು ವರ್ಷ ಕಾದ ಮೇಲೆ ಪಿಟಿಎಫ್‌ಎಸ್‌ನ ಅರ್ಜಿ ತಿರಸ್ಕೃತವಾಯಿತು.

ಇಂದು ಕೋಹಾ ಬಳಗದಲ್ಲಿ ಕೆಲಸದ ನಿಯಮ ಗಟ್ಟಿಯಾಗಿದೆ. ತಾನು ಬರೆದ ತಿದ್ದುಪಡಿಗೆ ತಾನೇ ಒಪ್ಪಿಗೆ ಕೊಡುವಂತಿಲ್ಲ. ಮೊದಲು ಇನ್ನೊಬ್ಬರು ಪರೀಕ್ಷಿಸಿ ಸಹಿ ಹಾಕಬೇಕು. ಆಮೇಲೆ ಗುಣಮಟ್ಟದ ತಂಡ ನೋಡಬೇಕು. ಕೊನೆಗೆ ಆವೃತ್ತಿಯ ಹೊಣೆ ಹೊತ್ತವರು ಸೇರಿಸಬೇಕು. ಆ ಹೊಣೆಗಾರರನ್ನು ಪ್ರತಿ ಆರು ತಿಂಗಳ ಸುತ್ತಿಗೆ ಬಳಗವೇ ಆರಿಸುತ್ತದೆ. ಒಂದು ಸಾಲು ಪ್ರೋಗ್ರಾಂ ಬರೆಯಲು ಬಾರದ ಗ್ರಂಥಪಾಲಕರೂ ಪರೀಕ್ಷಿಸಿ ಸಹಿ ಹಾಕಬಹುದು. ಭಾಷೆ ಬಲ್ಲವರು ಅನುವಾದ ಮಾಡಬಹುದು. ಆ ಅನುವಾದಗಳ ಪಟ್ಟಿಯಲ್ಲಿ ಕನ್ನಡವೂ ಇದೆ.

ಪರವಾನಗಿ ಪತ್ರ ಸಾಫ್ಟ್‌ವೇರನ್ನು ಕಾಯಿತು, ನಿಜ. ಆದರೆ ಹೆಸರನ್ನು, ಜಾಲತಾಣವನ್ನು, ಒಬ್ಬರನ್ನೊಬ್ಬರು ನಂಬುವ ಗುಣವನ್ನು ಕಾಯಲು ಜನರೇ ಎದ್ದು ನಿಲ್ಲಬೇಕಾಯಿತು. ಊರಿನ ಗೋಮಾಳಕ್ಕೂ ಕೆರೆಗೂ ಇದೇ ಮಾತು ಸಲ್ಲುತ್ತದೆ. ದಾಖಲೆ ಬೇಕು, ಅದರ ಜೊತೆಗೆ ಕಣ್ಣಿಟ್ಟು ಕಾಯುವವರೂ ಬೇಕು.

ಮುಂದಿನ ಸಲ ಕಾಲೇಜಿನ ಗ್ರಂಥಾಲಯಕ್ಕೆ ಹೋದಾಗ ಕಂಪ್ಯೂಟರಿನ ಪರದೆಯನ್ನೊಮ್ಮೆ ನೋಡಿ. ಅಲ್ಲಿ ಕೋಹಾ ಎಂಬ ಹೆಸರು ಕಂಡರೆ, ಎಲ್ಲೋ ದೂರದ ಸಣ್ಣ ಊರು ನಮಗೆ ಹಾಕಿದ ಮುಯ್ಯಿ ಅದು. ತೀರಿಸುವ ಸರದಿ ನಮ್ಮದೂ ಇದೆ.