ಮಡಿಕೆ, ಮೊಹರು, ಮೊಳೆತೂತು: ಹಾಲಿವುಡ್‌ನ ಹಳೆಯ ಪ್ರಚಾರ ಸಾಮಗ್ರಿಯನ್ನು ಓದುವ ಬಗೆ

ಲಾನ್ ಚೇನಿ ನಟಿಸಿದ್ದ 'ಲಂಡನ್ ಆಫ್ಟರ್ ಮಿಡ್‌ನೈಟ್' (1927) ಚಿತ್ರದ ಒಂದು ಪ್ರತಿಯೂ ಇಂದು ಸಿಗುವುದಿಲ್ಲ. ಕೊನೆಯದೆಂದು ತಿಳಿದಿದ್ದ ಪ್ರತಿ 1965ರಲ್ಲಿ ಎಂಜಿಎಂ ಸ್ಟುಡಿಯೋದ ಉಗ್ರಾಣಕ್ಕೆ ಬೆಂಕಿ ಬಿದ್ದಾಗ ಸುಟ್ಟುಹೋಯಿತು. ಅದರ ಪೋಸ್ಟರೊಂದು ಮಾತ್ರ 2014ರ ಹರಾಜಿನಲ್ಲಿ 4,78,000 ಡಾಲರಿಗೆ ಹೋಯಿತು. 2002ರಲ್ಲಿ ಅಮೆರಿಕದ ಟಿವಿ ವಾಹಿನಿಯೊಂದು ಆ ಚಿತ್ರದ ಕಥೆಯನ್ನು ಮತ್ತೆ ಕಟ್ಟಿ ತೋರಿಸಿದ್ದೂ ಪ್ರಚಾರಕ್ಕೆಂದು ತೆಗೆದಿದ್ದ ಸ್ಟಿಲ್‌ಗಳಿಂದಲೇ. ಇದು ಅಪರೂಪದ ಪ್ರಸಂಗವಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಹೊರತಂದ ವರದಿಯ ಪ್ರಕಾರ, 1912ರಿಂದ 1929ರವರೆಗೆ ತೆರೆಕಂಡ ಸುಮಾರು 11,000 ಮೂಕಿ ಕಥಾಚಿತ್ರಗಳಲ್ಲಿ ಮೂಲ ರೂಪದಲ್ಲಿ ಪೂರ್ತಿಯಾಗಿ ಉಳಿದಿರುವುದು ಶೇ. 14 ಮಾತ್ರ. ಉಳಿದ ಬಹುಪಾಲು ಚಿತ್ರಗಳ ವಿಷಯದಲ್ಲಿ ಚರಿತ್ರೆಕಾರನ ಕೈಗೆ ಸಿಗುವುದು ಜಾಹೀರಾತಿನ ಕಾಗದ.

ಈ ಕಾಗದವನ್ನು ಇಷ್ಟು ಕಾಲ ಉಳಿಸಿದವರು ಮುಖ್ಯವಾಗಿ ಸಂಗ್ರಾಹಕರು. ಆ ಋಣವನ್ನು ಮರೆಯುವಂತಿಲ್ಲ. ಆದರೆ ಸಂಗ್ರಹದ ಪೇಟೆ ಯಾವುದನ್ನು ದೋಷವೆಂದು ಬೆಲೆ ಇಳಿಸುತ್ತದೋ, ಸಂಶೋಧನೆಗೆ ಬೇಕಾದ ಸಾಕ್ಷ್ಯ ಹೆಚ್ಚಾಗಿ ಅಲ್ಲೇ ಇರುತ್ತದೆ ಎಂಬುದು ಈ ಲೇಖನದ ವಾದ.

ಸಾಮಗ್ರಿಯ ಸ್ವರೂಪವನ್ನು ಮೊದಲು ನೋಡೋಣ. ಸ್ಟುಡಿಯೋ ಯುಗದ ಅಮೆರಿಕದಲ್ಲಿ ಪ್ರತಿ ಚಿತ್ರಕ್ಕೂ ಗೊತ್ತಾದ ಅಳತೆಯ ಹಾಳೆಗಳು ಅಚ್ಚಾಗುತ್ತಿದ್ದವು. 27x41 ಅಂಗುಲದ ಒನ್‌ಶೀಟ್, ಅಂಗಡಿಗಳ ಕಿಟಕಿಗೆ 14x22 ಅಂಗುಲದ ವಿಂಡೋ ಕಾರ್ಡ್, ಥಿಯೇಟರಿನ ಒಳಾಂಗಣಕ್ಕೆ 11x14 ಅಂಗುಲದ ಎಂಟು ಲಾಬಿ ಕಾರ್ಡುಗಳು, ರಸ್ತೆಬದಿಯ ಹಲಗೆಗೆ 24 ಹಾಳೆಗಳ ದೊಡ್ಡ ಪೋಸ್ಟರ್. 1930ರ ದಶಕದ ಉತ್ತಮ ಪೋಸ್ಟರುಗಳು ಕಲ್ಲಚ್ಚಿನವು. ಬಣ್ಣಕ್ಕೊಂದು ಅಚ್ಚು ಹಾಕಿ ಮುದ್ರಿಸಿದ್ದರಿಂದ ಅವುಗಳ ಬಣ್ಣಕ್ಕೆ ಮುಂದಿನ ಆಫ್‌ಸೆಟ್ ಪೋಸ್ಟರುಗಳಲ್ಲಿ ಕಾಣದ ಗಾಢತೆಯಿದೆ. ಒನ್‌ಶೀಟುಗಳನ್ನು ಮಡಿಚಿಯೇ ಥಿಯೇಟರುಗಳಿಗೆ ಕಳಿಸುತ್ತಿದ್ದರು. ಹಾಗಾಗಿ ಮಡಿಕೆಯ ಗೆರೆ ಹುಟ್ಟಿನಿಂದಲೇ ಬಂದದ್ದು. ಆ ಕಾಲದ ಒನ್‌ಶೀಟ್ ಮಡಿಕೆಯೇ ಇಲ್ಲದೆ ಸಿಕ್ಕರೆ ಅನುಭವಿಗಳು ಹಿಗ್ಗುವ ಮೊದಲು ಅನುಮಾನಿಸುತ್ತಾರೆ.

1920ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾದ ನ್ಯಾಷನಲ್ ಸ್ಕ್ರೀನ್ ಸರ್ವಿಸ್ ಮೊದಮೊದಲು ಟ್ರೇಲರುಗಳ ವ್ಯವಹಾರ ಮಾಡುತ್ತಿತ್ತು. 1940ರಿಂದ ಅದು ಸ್ಟುಡಿಯೋಗಳ ಪೋಸ್ಟರ್ ವಿತರಣೆಯನ್ನೂ ಕೈಗೆತ್ತಿಕೊಂಡಿತು. ಅದರ ಹಾಳೆಗಳ ಕೆಳಅಂಚನ್ನು ಹತ್ತಿರದಿಂದ ನೋಡಬೇಕು. '46/' ಎಂದು ಶುರುವಾಗುವ ಸಂಖ್ಯೆಯಿದ್ದರೆ 1946ರ ಬಿಡುಗಡೆ. ಓರೆಗೆರೆಯ ಮುಂದಿನದು ಆ ವರ್ಷದಲ್ಲಿ ಚಿತ್ರದ ಕ್ರಮಸಂಖ್ಯೆ. ಮೊದಲಿಗೆ 'ಆರ್' ಅಕ್ಷರವಿದ್ದರೆ ಅದು ಮರುಬಿಡುಗಡೆಯ ಪೋಸ್ಟರ್. 'ದ ವಿಜಾರ್ಡ್ ಆಫ್ ಓಜ್' 1939ರ ಚಿತ್ರ. 1949ರಲ್ಲಿ ಮತ್ತೆ ತೆರೆಕಂಡಿತು. ಈ ಎರಡರ ಪೋಸ್ಟರುಗಳ ಬೆಲೆಗೆ ಅಜಗಜಾಂತರವಿದೆ, ಗೋಡೆಯ ಮೇಲೆ ತೂಗುಹಾಕಿದರೆ ಅತಿಥಿಗಳಿಗೆ ವ್ಯತ್ಯಾಸ ತಿಳಿಯದಿದ್ದರೂ. ಇದೇ ಅಂಚಿನಲ್ಲಿ ಇನ್ನೊಂದು ಷರತ್ತೂ ಅಚ್ಚಾಗಿರುತ್ತದೆ: ಹಾಳೆ ಕಂಪನಿಯ ಸ್ವತ್ತು, ಪ್ರದರ್ಶನ ಮುಗಿದ ಕೂಡಲೇ ಹಿಂದಿರುಗಿಸಬೇಕು. ಕಾಗದವನ್ನು ಥಿಯೇಟರಿಗೆ ಕೊಡುತ್ತಿದ್ದುದು ಬಾಡಿಗೆಗೆ. ಒಂದೇ ಹಾಳೆ ಊರಿಂದ ಊರಿಗೆ ಅಲೆದು, ಮೊಳೆತೂತು ಬಿದ್ದು, ಕೊನೆಗೆ ಹರಿದುಹೋಗುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲದ ರದ್ದಿ ಕಾಗದ ಅಭಿಯಾನಗಳು ಎಷ್ಟೋ ದಾಸ್ತಾನನ್ನು ನುಂಗಿದವು.

ಉಳಿದದ್ದು ಉಳಿದ ರೀತಿಯೂ ವಿಚಿತ್ರ. ಕಲಾವಿದ ಬಟಿಸ್ಟ್ ಮಡಲೇನಾ 1924ರಿಂದ 1928ರವರೆಗೆ ರಾಚೆಸ್ಟರ್‌ನ ಈಸ್ಟ್‌ಮನ್ ಥಿಯೇಟರಿಗಾಗಿ 1,400ಕ್ಕೂ ಹೆಚ್ಚು ಪೋಸ್ಟರುಗಳನ್ನು ಕೈಯಲ್ಲೇ ಬರೆದರು. ಥಿಯೇಟರಿನ ಆಡಳಿತ ಬೇರೆಯವರ ಪಾಲಾದಾಗ ಹೊಸಬರು ಅವನ್ನು ಕಸಕ್ಕೆ ಎಸೆದರು. ಸೈಕಲ್ಲಿನಲ್ಲಿ ಮನೆಗೆ ಹೊರಟಿದ್ದ ಮಡಲೇನಾ ಕಣ್ಣಿಗೇ ಅವು ಮಳೆಯಲ್ಲಿ ನೆನೆಯುತ್ತ ಬಿದ್ದಿರುವುದು ಕಂಡಿತು. ಕೈಗೆ ಸಿಕ್ಕ ಇನ್ನೂರಕ್ಕೂ ಹೆಚ್ಚನ್ನು ಎತ್ತಿಕೊಂಡು ಹೋದರು. ಪೆನ್ಸಿಲ್ವೇನಿಯಾದ ಬರ್ವಿಕ್ ಊರಿನ ಮನೆಯೊಂದರ ಅಟ್ಟದಲ್ಲಿ ಗೋಡೆಕಾಗದದ ಗೋಂದಿನಿಂದ ಒಂದಕ್ಕೊಂದು ಅಂಟಿಕೊಂಡಿದ್ದ 33 ಪೋಸ್ಟರುಗಳು ಸಿಕ್ಕವು. ಅವುಗಳಲ್ಲಿ 'ಡ್ರಾಕುಲಾ' (1931) ಕೂಡ ಇತ್ತು. ಬಿಡಿಸಿ ಶುಚಿಮಾಡಿದ ಈ ಕಂತೆ 2012ರ ಹರಾಜಿನಲ್ಲಿ ಒಟ್ಟು 5 ಲಕ್ಷ ಡಾಲರಿಗೂ ಮಿಗಿಲು ತಂದಿತು. ಉಳಿದದ್ದು ಯಾರ ಆಯ್ಕೆಯೂ ಅಲ್ಲ ಎಂಬುದನ್ನು ಸಂಶೋಧಕ ಗಮನದಲ್ಲಿಡಬೇಕು. ಇಂದು ಭೂತಪ್ರೇತದ ಚಿತ್ರಗಳ ಪೋಸ್ಟರುಗಳು ದುಬಾರಿ ಎಂಬುದರಿಂದ ಆ ಕಾಲದ ಪ್ರೇಕ್ಷಕರ ಅಭಿರುಚಿಯನ್ನು ಊಹಿಸಲಾಗದು.

ಈಗ ದೋಷಗಳ ಮಾತು. ವಿಂಡೋ ಕಾರ್ಡಿನ ಮೇಲ್ಭಾಗದಲ್ಲಿ ಖಾಲಿ ಪಟ್ಟಿ ಇರುತ್ತದೆ. ಅಲ್ಲಿ ಊರ ಥಿಯೇಟರ್ ತನ್ನ ಹೆಸರು, ದಿನಾಂಕ ಅಚ್ಚು ಹಾಕಿಸುತ್ತಿತ್ತು. ಚೌಕಟ್ಟಿಗೆ ಹೊಂದುವುದಿಲ್ಲವೆಂದು ಈ ಪಟ್ಟಿಯನ್ನೇ ಕತ್ತರಿಸಿದವರುಂಟು. ಒನ್‌ಶೀಟಿನ ಮೇಲೆ ಅಂಟಿಸಿದ ಚೀಟಿಯನ್ನು ರಿಪೇರಿಯಲ್ಲಿ ಕಿತ್ತು ಬಣ್ಣ ತುಂಬುತ್ತಾರೆ. ಚಿತ್ರ ಯಾವ ಊರಿಗೆ ಎಂದು ಬಂತು, ಜೊತೆಗೆ ಇನ್ನಾವ ಚಿತ್ರ ಓಡಿತು ಎಂಬ ಮಾಹಿತಿ ಅದರೊಂದಿಗೆ ಹೋಗುತ್ತದೆ. ಹಾಳೆಯನ್ನು ತೆಳು ಕಾಗದದ ಮೇಲೂ ಹತ್ತಿಬಟ್ಟೆಯ ಮೇಲೂ ಗೋಧಿ ಅಂಟಿನಿಂದ ಕೂರಿಸುವ ಲಿನನ್ ಬ್ಯಾಕಿಂಗ್ ಪುಡಿಯಾಗುತ್ತಿರುವ ಕಾಗದಕ್ಕೆ ಜೀವದಾನವೇ ಸರಿ. ನುರಿತವರು ಮಾಡಿದ್ದರೆ ಬಿಡಿಸಲೂ ಬರುತ್ತದೆ. ಆದರೆ ಬೆನ್ನಿನ ಮೊಹರು, ಪೆನ್ಸಿಲ್ ಬರಹ ಬಟ್ಟೆಯಡಿ ಮುಚ್ಚಿಹೋಗುತ್ತವೆ. ನಕಲಿ ಹಾಳೆಗಳನ್ನು ರಿಪೇರಿಯಾದ ಅಸಲಿಯೆಂದು ಮಾರಿ, ಕೊನೆಗೆ ನ್ಯಾಯಾಲಯ ಕಂಡ ಪ್ರಕರಣವೂ ನಡೆದಿದೆ. ಬೆನ್ನು ಕಾಣುವಂತಿದ್ದರೆ ಇಂಥ ಮೋಸ ಅಷ್ಟು ಸುಲಭವಲ್ಲ.

ಸ್ಟಿಲ್‌ಗಳ ಬೆನ್ನಂತೂ ಮುಖಕ್ಕಿಂತ ಹೆಚ್ಚು ಮಾತಾಡುತ್ತದೆ. ಅಂಟಿಸಿದ ಶೀರ್ಷಿಕೆ ಚೀಟಿ, ಛಾಯಾಗ್ರಾಹಕನ ಮೊಹರು, 1930ರ ದಶಕದವಾದರೆ ಉದ್ಯಮದ ಜಾಹೀರಾತು ಸಲಹಾ ಮಂಡಲಿಯ ಒಪ್ಪಿಗೆಯ ಮುದ್ರೆ. ಹಾಲಿವುಡ್ ತನ್ನನ್ನು ತಾನೇ ಸೆನ್ಸಾರ್ ಮಾಡಿಕೊಂಡ ಬಗೆಗೆ ಈ ಮುದ್ರೆ ನೇರ ದಾಖಲೆ.

ಕನ್ನಡನಾಡಿಗೆ ಸಂಬಂಧಿಸಿದ ಒಂದು ಉದಾಹರಣೆಯಿಂದ ಪ್ರಚಾರದ ಕಾಗದವನ್ನು ಹೀಗೆ ಓದುವುದರ ಉಪಯೋಗ ಸ್ಪಷ್ಟವಾದೀತು. ಮೈಸೂರು ಸೀಮೆಯ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ ಸಾಬು, ರಾಬರ್ಟ್ ಫ್ಲಾಹರ್ಟಿ ಮೈಸೂರಿನಲ್ಲಿ ಚಿತ್ರೀಕರಿಸಿದ ಬ್ರಿಟಿಷ್ ಚಿತ್ರ 'ಎಲಿಫೆಂಟ್ ಬಾಯ್' (1937) ಮೂಲಕ ಪ್ರಸಿದ್ಧನಾಗಿ ಮುಂದೆ ಹಾಲಿವುಡ್ ಸೇರಿದ. 1942ರ ಏಪ್ರಿಲ್‌ನಲ್ಲಿ ಬಂದ 'ಜಂಗಲ್ ಬುಕ್' ಚಿತ್ರದ ಪ್ರಚಾರದಲ್ಲಿ ಅವನದೇ ಮೊದಲ ಹೆಸರು. ಅದೇ ವರ್ಷದ ಕೊನೆಗೆ ಯೂನಿವರ್ಸಲ್ ತಂದ 'ಅರೇಬಿಯನ್ ನೈಟ್ಸ್'ನಲ್ಲಿ ಜಾನ್ ಹಾಲ್, ಮರಿಯಾ ಮೋಂಟೆಜ್ ಆದಮೇಲೆ ಅವನ ಸರದಿ. 1944ರ 'ಕೋಬ್ರಾ ವುಮನ್'ನಲ್ಲೂ ಮೂರನೆಯ ಸ್ಥಾನವೇ. ಹೆಸರಿನ ಕ್ರಮ, ಅಕ್ಷರದ ಗಾತ್ರ ಆ ಕಾಲದಲ್ಲಿ ಕರಾರಿನಲ್ಲೇ ನಮೂದಾಗುತ್ತಿದ್ದವು. ಆದ್ದರಿಂದ ಇದನ್ನು ವಿನ್ಯಾಸಕಾರನ ಮರ್ಜಿಯೆಂದು ತಳ್ಳಿಹಾಕುವಂತಿಲ್ಲ. ನಾಯಕನಾಗಿದ್ದ ಭಾರತೀಯ ಹುಡುಗನನ್ನು ಬಿಳಿಯ ಜೋಡಿಯ ಸಂಗಾತಿಯ ಪಾತ್ರಕ್ಕೆ ಕೂರಿಸಿದ ನಿರ್ಧಾರ ಕಾಗದದಲ್ಲೇ ದಾಖಲಾಗಿದೆ.

ಸಾಬುವಿನ ಸಂಗ್ರಹವೊಂದನ್ನು ಮೈಸೂರಿನಲ್ಲಿ ಯಾರಾದರೂ ಕಟ್ಟಹೊರಟರೆ, ಬಣ್ಣ ತುಂಬಿ ಹೊಳೆಯುವ ಒನ್‌ಶೀಟಿಗೆ ಹಣ ಸುರಿಯುವ ಮುನ್ನ ಪ್ರೆಸ್‌ಬುಕ್‌ಗಳನ್ನು ಹುಡುಕುವುದು ಲೇಸು. ಥಿಯೇಟರ್ ಮಾಲೀಕರಿಗೆಂದು ಸ್ಟುಡಿಯೋ ಹಂಚುತ್ತಿದ್ದ ಈ ಪುಸ್ತಿಕೆಗಳಲ್ಲಿ ಪತ್ರಿಕೆಗೆ ಹಾಗೆಯೇ ಕೊಡಬಹುದಾದ ಸಿದ್ಧ ಬರಹಗಳು, ಜಾಹೀರಾತಿನ ಮಾದರಿಗಳು, ಊರಲ್ಲಿ ಗದ್ದಲವೆಬ್ಬಿಸಲು ಉಪಾಯಗಳು, ಆ ಚಿತ್ರಕ್ಕೆ ಅಚ್ಚಾದ ಪೋಸ್ಟರುಗಳ ಚಿತ್ರಸಹಿತ ಪಟ್ಟಿ ಎಲ್ಲವೂ ಒಟ್ಟಿಗೆ ಸಿಗುತ್ತವೆ. ಒಂದೇ ಒಂದು ಪ್ರತಿಯೂ ಉಳಿಯದ ಪೋಸ್ಟರಿನ ವಿನ್ಯಾಸ ಎಷ್ಟೋ ಸಲ ಗೊತ್ತಾಗುವುದು ಈ ಪಟ್ಟಿಯಿಂದಲೇ. ಗೋಡೆಗೆ ಒಪ್ಪುವುದಿಲ್ಲವಾದ್ದರಿಂದ ಸಾಮಾನ್ಯವಾಗಿ ಇವುಗಳ ಬೆಲೆ ಪೋಸ್ಟರಿಗಿಂತ ಎಷ್ಟೋ ಕಡಿಮೆ.