ಪೂರ್ವ ಲಂಡನ್ನಿಗೆ ಹೋದ ತರುಣರು

ಕೈಗಾರಿಕಾ ಕ್ರಾಂತಿಯ ಪಾಠವನ್ನು ನನ್ನಿಂದ ಕೇಳಿದವರಿಗೆ ಉಗಿಯಂತ್ರ, ನೂಲುವ ಯಂತ್ರಗಳ ಹೆಸರು ಇನ್ನೂ ನೆನಪಿರಬಹುದು. ಆದರೆ 'ಕೈಗಾರಿಕಾ ಕ್ರಾಂತಿ' ಎಂಬ ಮಾತನ್ನು ಚರಿತ್ರೆಯ ಗ್ರಂಥಗಳಲ್ಲಿ ನೆಲೆಗೊಳಿಸಿದ ಅರ್ನಾಲ್ಡ್ ಟಾಯ್ನ್‌ಬಿಯ ಬಗ್ಗೆ ನಮ್ಮ ಪಠ್ಯಪುಸ್ತಕ ಒಂದು ಸಾಲನ್ನೂ ಬರೆದಿರಲಿಲ್ಲ. ಆಕ್ಸ್‌ಫರ್ಡಿನ ಈ ಅಧ್ಯಾಪಕ 1883ರಲ್ಲಿ, ಕೇವಲ ಮೂವತ್ತರ ಪ್ರಾಯದಲ್ಲಿ ತೀರಿಕೊಂಡ. (ಜಗತ್ತಿನ ನಾಗರಿಕತೆಗಳ ಚರಿತ್ರೆ ಬರೆದ ಇನ್ನೊಬ್ಬ ಟಾಯ್ನ್‌ಬಿ ಈತನ ಅಣ್ಣತಮ್ಮಂದಿರ ಪೈಕಿ ಒಬ್ಬರ ಮಗ.) 1875ರ ರಜೆಯಲ್ಲಿ ಈ ತರುಣ ತನ್ನ ಪುಸ್ತಕಗಳನ್ನು ಬಿಟ್ಟು ಲಂಡನ್ನಿನ ಪೂರ್ವಭಾಗದ ವೈಟ್‌ಚಾಪೆಲ್ ಎಂಬ ಬಡವರ ಬಡಾವಣೆಗೆ ಹೋಗಿ ತಂಗಿದ್ದ.

ಅಲ್ಲಿ ಆತನನ್ನು ಬರಮಾಡಿಕೊಂಡವರು ಸೇಂಟ್ ಜೂಡ್ ಚರ್ಚಿನ ಪಾದ್ರಿ ಸ್ಯಾಮ್ಯುಯೆಲ್ ಬಾರ್ನೆಟ್ ಮತ್ತು ಅವರ ಪತ್ನಿ ಹೆನ್ರಿಯೆಟಾ. ನವದಂಪತಿಗಳಾಗಿ 1873ರಲ್ಲಿ ಅವರು ಆ ಚರ್ಚಿಗೆ ಬಂದಾಗ, ತನ್ನ ಆಡಳಿತದಲ್ಲಿರುವ ಚರ್ಚುಗಳಲ್ಲೇ ಇದು ಅತ್ಯಂತ ಕಷ್ಟದ ಸ್ಥಳವೆಂದು ಬಿಷಪ್ ಮೊದಲೇ ಎಚ್ಚರಿಸಿದ್ದರು. ಕೈಯಲ್ಲಿ ಕಾಸು ಹಾಕಿ ಕಳುಹಿಸುವ ದಾನದಿಂದ ಬಡತನ ನೀಗದೆಂಬುದು ಬಾರ್ನೆಟ್ಟರಿಗೆ ಬೇಗ ಮನವರಿಕೆಯಾಯಿತು. ಓದಿದವರು ಬಡವರ ನೆರೆಹೊರೆಯವರಾಗಿ ಬದುಕಬೇಕೆಂಬ ತಮ್ಮ ವಿಚಾರವನ್ನು 1883ರಲ್ಲಿ ಆಕ್ಸ್‌ಫರ್ಡಿನ ವಿದ್ಯಾರ್ಥಿಗಳ ಮುಂದಿಟ್ಟರು. ಮರುವರ್ಷ, 1884ರಲ್ಲಿ, ವೈಟ್‌ಚಾಪೆಲ್ಲಿನಲ್ಲಿ ಅಂಥದೊಂದು ನಿವಾಸ ತೆರೆಯಿತು. ಅಗಲಿದ ಗೆಳೆಯನ ನೆನಪಿಗೆ ಅದಕ್ಕೆ 'ಟಾಯ್ನ್‌ಬಿ ಹಾಲ್' ಎಂದು ಹೆಸರಿಟ್ಟರು.

ಈಗ ಪಾಶ್ಚಾತ್ಯ ದೇಶಗಳಲ್ಲಿ ಚರ್ಚುಗಳ ಯುವಕ ಸಂಘದವರು ರಜೆಯಲ್ಲಿ ದೊಡ್ಡ ನಗರಗಳಿಗೆ ಹೋಗಿ, ಗೋಡೆಗೆ ಬಣ್ಣ ಬಳಿದು, ಅನ್ನ ಬಡಿಸಿ, ಮಕ್ಕಳಿಗೆ ಪಾಠ ಹೇಳಿ ಬರುವ ಪದ್ಧತಿಯಿದೆ. ವಿದೇಶದಲ್ಲಿರುವ ನನ್ನ ಶಿಷ್ಯರೊಬ್ಬರ ಮಗಳು ತನ್ನ ಗೆಳತಿಯರೊಂದಿಗೆ ಹಾಗೆ ಹೋಗಿ ಬಂದಳಂತೆ. "ಮೇಷ್ಟ್ರೇ, ಹತ್ತು ದಿನದ ಸೇವೆಯಿಂದ ಆ ಊರಿಗೆ ಏನಾದರೂ ಆದೀತೇ?" ಎಂದು ತಂದೆ ನನಗೆ ಬರೆದು ಕೇಳಿದರು. ಒಳ್ಳೆಯ ಪ್ರಶ್ನೆ. ಚರಿತ್ರೆಯ ಮೇಷ್ಟರಾದ್ದರಿಂದ ನನ್ನ ಉತ್ತರ ಲಂಡನ್ನಿಗೇ ಹೋಗುತ್ತದೆ.

ಈ ಸಂದೇಹ ಆ ಕಾಲದಲ್ಲೂ ಇತ್ತು. ಸಿರಿವಂತರು ಕುತೂಹಲಕ್ಕಾಗಿ ಬಡವರ ಕೇರಿಗಳನ್ನು ನೋಡಲು ಹೋಗುವುದಕ್ಕೆ 'ಸ್ಲಮ್ಮಿಂಗ್' ಎಂಬ ಮಾತು ಬಳಕೆಗೆ ಬಂದದ್ದು ಅದೇ 1880ರ ದಶಕದಲ್ಲಿ. ಟಾಯ್ನ್‌ಬಿ ಹಾಲ್ ವೈಟ್‌ಚಾಪೆಲ್ಲಿನ ಬಡತನವನ್ನು ತೊಡೆದುಹಾಕಲಿಲ್ಲವೆಂಬುದೂ ನಿಜ. 1889ರಲ್ಲಿ ಬಂದರಿನ ಕೂಲಿಗಳು ಗಂಟೆಗೆ ಆರು ಪೆನ್ಸ್ ಕೂಲಿ ಪಡೆದದ್ದು ಯಾರ ದಯೆಯಿಂದಲೂ ಅಲ್ಲ, ತಾವೇ ಒಗ್ಗಟ್ಟಾಗಿ ಮುಷ್ಕರ ಹೂಡಿದ್ದರಿಂದ.

ಹಾಗಾದರೆ ಆ ತರುಣರಿಂದ ಆದದ್ದೇನು? ಮೊದಲನೆಯದಾಗಿ, ಅವರಲ್ಲಿ ಕೆಲವರು ಎಣಿಸಲು ಕಲಿತರು. ಚಾರ್ಲ್ಸ್ ಬೂತ್ ಎಂಬ ಹಡಗು ವ್ಯಾಪಾರಿ ಲಂಡನ್ನಿನ ಬೀದಿಬೀದಿಯ ಬಡತನವನ್ನು ದಾಖಲಿಸಲು ಹೊರಟಾಗ, ಟಾಯ್ನ್‌ಬಿ ಹಾಲಿನ ನಿವಾಸಿಗಳು ಅವರಿಗೆ ಸಹಾಯಕರಾದರು. ನಗರದ ಜನರಲ್ಲಿ ನೂರಕ್ಕೆ ಸುಮಾರು 30 ಮಂದಿ ಬಡತನದಲ್ಲಿದ್ದಾರೆಂದು ಆ ಸಮೀಕ್ಷೆ ತೋರಿಸಿತು. ಇಷ್ಟೊಂದು ಜನರ ಕಷ್ಟಕ್ಕೆ ಅವರ ಸೋಮಾರಿತನವೇ ಕಾರಣವೆಂದು ಹೇಳುವುದು ಆಮೇಲೆ ಸುಲಭವಾಗಲಿಲ್ಲ.

ಎರಡನೆಯದು ನಿಧಾನವಾಗಿ ಫಲಿಸಿತು. 1903ರಿಂದ 1905ರವರೆಗೆ ಟಾಯ್ನ್‌ಬಿ ಹಾಲಿನ ಉಪಮೇಲ್ವಿಚಾರಕನಾಗಿದ್ದ ವಿಲಿಯಂ ಬೆವರಿಜ್, 1942ರಲ್ಲಿ ಬ್ರಿಟನ್ನಿನ ಸಾಮಾಜಿಕ ಭದ್ರತೆಗೆ ತಳಪಾಯವಾದ ವರದಿಯನ್ನು ಬರೆದರು. ಇನ್ನೊಬ್ಬ ತರುಣನ ಕತೆ ನಮಗೂ ಸಂಬಂಧಿಸಿದ್ದು. 1905ರಲ್ಲಿ, ಇಪ್ಪತ್ತೆರಡರ ಪ್ರಾಯದ ಒಬ್ಬ ವಕೀಲರ ಮಗ, ತಾನು ಓದಿದ ಹೇಲಿಬರಿ ಶಾಲೆಯವರು ಸ್ಟೆಪ್ನಿ ಎಂಬ ಬಡಾವಣೆಯಲ್ಲಿ ನಡೆಸುತ್ತಿದ್ದ ಹುಡುಗರ ಸಂಘವನ್ನು ನೋಡಲು ಒಂದು ಸಂಜೆ ಹೋದ. ಆಮೇಲೆ ಮತ್ತೆ ಮತ್ತೆ ಹೋದ. ಕೊನೆಗೆ ಅಲ್ಲಿಯೇ ವಾಸಕ್ಕೆ ನಿಂತು ಅದರ ವ್ಯವಸ್ಥಾಪಕನಾದ. ಅವನೇ ಕ್ಲೆಮೆಂಟ್ ಆಟ್ಲಿ. 1947ರಲ್ಲಿ ನಮಗೆ ಸ್ವಾತಂತ್ರ್ಯ ಬಂದಾಗ ಬ್ರಿಟನ್ನಿನ ಪ್ರಧಾನಿ. 1948ರಲ್ಲಿ ಎಲ್ಲರಿಗೂ ಉಚಿತ ಚಿಕಿತ್ಸೆಯ ವ್ಯವಸ್ಥೆಯನ್ನು ಆರಂಭಿಸಿದ್ದೂ ಅವರದೇ ಸರ್ಕಾರ. ಒಂದು ಸ್ವಾರಸ್ಯವನ್ನು ಗಮನಿಸಿ: ಆ ಹೇಲಿಬರಿ ಶಾಲೆ ನಡೆದದ್ದು, ನಮ್ಮನ್ನಾಳಲು ಈಸ್ಟ್ ಇಂಡಿಯಾ ಕಂಪನಿ ತನ್ನ ಅಧಿಕಾರಿಗಳನ್ನು ತರಬೇತುಗೊಳಿಸುತ್ತಿದ್ದ ಹಳೆಯ ಕಾಲೇಜಿನ ಕಟ್ಟಡದಲ್ಲಿ.

ಪೂರ್ವ ಲಂಡನ್ನಿನ ಬೋ ಎಂಬಲ್ಲಿಗೆ ತರುಣಿಯಾಗಿದ್ದಾಗ ಬಂದ ಮ್ಯೂರಿಯೆಲ್ ಲೆಸ್ಟರ್ ಕೂಡ ಇದೇ ಪರಂಪರೆಯವರು. ಹಡಗು ಕಟ್ಟುವ ಉದ್ಯಮಿಯ ಮಗಳು. ತಂಗಿ ಡೋರಿಸ್ ಜೊತೆಗೂಡಿ 1915ರಲ್ಲಿ ಅಲ್ಲಿ ಕಿಂಗ್‌ಸ್ಲಿ ಹಾಲ್ ಎಂಬ ಸೇವಾಕೇಂದ್ರವನ್ನು ತೆರೆದರು. 1926ರಲ್ಲಿ ಭಾರತಕ್ಕೆ ಬಂದು ಗಾಂಧೀಜಿಯ ಆಶ್ರಮದಲ್ಲಿ ತಂಗಿದರು. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಹೋದ ಗಾಂಧೀಜಿ ದೊಡ್ಡ ಹೋಟೆಲುಗಳನ್ನು ಬಿಟ್ಟು, ಸುಮಾರು 12 ವಾರ ಆ ಕೇಂದ್ರದ ಒಂದು ಪುಟ್ಟ ಕೋಣೆಯಲ್ಲಿದ್ದರು. ಬೆಳಗಿನ ನಡಿಗೆಗೆ ಹೊರಟರೆ ಕೇರಿಯ ಜನರೇ ಎದುರಾಗುತ್ತಿದ್ದರು. ಬೋದ ಬಡವರಿಗೆ ಭಾರತ ಭೂಪಟದ ಬಣ್ಣವಾಗಿ ಉಳಿಯಲಿಲ್ಲ, ನೆರೆಮನೆಯಾಯಿತು.

ಆದ್ದರಿಂದ ಆ ತಂದೆಗೆ ನಾನು ಬರೆದದ್ದು ಇಷ್ಟು. ಹತ್ತು ದಿನದಲ್ಲಿ ಬಳಿದ ಬಣ್ಣ ಮಾಸಿಹೋಗುತ್ತದೆ. ಊರಿಗೆ ಅದರಿಂದ ಆಗುವ ಉಪಕಾರ ಅಲ್ಪವೇ. ಆದರೆ ಅನ್ನ ಬಡಿಸುವಾಗ ಈ ಸಾಲು ಇಷ್ಟು ಉದ್ದವೇಕೆ ಎಂದು ನಿಮ್ಮ ಮಗಳಿಗೆ ಅನ್ನಿಸಿದ್ದರೆ, ಆ ಪ್ರಶ್ನೆಯನ್ನು ಆರಿಹೋಗಲು ಬಿಡಬೇಡಿ. ಆಟ್ಲಿಯ ಪಾಲಿಗೆ ಅಂಥ ಪ್ರಶ್ನೆಗೆ ಉತ್ತರ ಸಿಗಲು ನಲವತ್ತು ವರ್ಷ ಹಿಡಿಯಿತು. ಅವಳು ಮುಂದಿನ ರಜೆಯಲ್ಲಿ ಮತ್ತೆ ಅದೇ ಬೀದಿಗೆ ಹೋಗಲಿ. ಈ ಸಲ ಕುಂಚಕ್ಕಿಂತ ಮೊದಲು, ಅಲ್ಲಿನವರ ಹೆಸರು ಕೇಳಿ ಬರೆದುಕೊಳ್ಳಲು ಒಂದು ಪುಸ್ತಕವನ್ನು ಚೀಲದಲ್ಲಿ ಇಟ್ಟುಕೊಳ್ಳಲಿ.